ಮೊದಲ ಸದ್ದು ಮಾಮನದು

ಏಪ್ರಿಲ್ 25, 1999, ಭಾನುವಾರ

ಎರಡು ತಿಂಗಳಿಂದ ಈ ಪುಸ್ತಕ ಮುಟ್ಟಿರಲಿಲ್ಲ. ಮದುವೆ ಕಾಲ. ಮೈಕ್ ಸೆಟ್ಟಿನ ಹಾರ್ನ್ ಕಂಬಕ್ಕೆ ಏರಿಸು, ಹಾರ್ನ್ ಇಳಿಸು, ಇದೇ ಆಯಿತು. ಇವತ್ತು ಬಿಡುವಾಗಿದೆ, ಬರೆಯೋಣ ಅನ್ನಿಸಿತು. ಕೊಳ್ಳೇಗಾಲದ ಟೂರಿಂಗ್ ಟಾಕೀಸಿನಲ್ಲಿ ಆರು ವರ್ಷ ಆಪರೇಟರ್ ಆಗಿದ್ದಾಗ ಎರಡು ವಿದ್ಯೆ ಕಲಿತೆ. ಒಂದು ಸದ್ದು, ಇನ್ನೊಂದು ಈ ಅಕ್ಷರ. ಮನೆಯಲ್ಲಿ ಆಡುವುದು ಕನ್ನಡವೇ ಆದರೂ ಕಂಬಂ ಕಣಿವೆಯ ನಮ್ಮ ಜನಕ್ಕೆ ಓದಲು ಬರುವುದು ತಮಿಳು ಮಾತ್ರ. ನನ್ನ ಹೆಂಡತಿ ಚಿನ್ನಮ್ಮಾಳ್ ಒಂದು ಸಲ ಈ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು, ಪುಟದ ತುಂಬ ಯಾಕೆ ಜಿಲೇಬಿ ಹುಯ್ದಿದ್ದೀರಿ ಅಂತ ಕೇಳಿದ್ದಳು. ಒಳ್ಳೆಯದೇ ಆಯಿತು, ಏನು ಬೇಕಾದರೂ ಬರೆಯಬಹುದು.

ಬೆಳಿಗ್ಗೆ ನನ್ನ ಅಕ್ಕ ನಾಗಮ್ಮಾಳ್ ಮಗಳು ತಿಲಗವತಿ ಬಂದಿದ್ದಳು. ಅವರ ಮನೆ, ದ್ರಾಕ್ಷಿ ತೋಟ ಎಲ್ಲ ಕಾಮಯಗೌಂಡನ್‌ಪಟ್ಟಿಯಲ್ಲಿ. ಇವಳು ದಿನಾ ಕಂಬಂಗೆ ಬಂದು, ಬಸ್ ಸ್ಟ್ಯಾಂಡಿನ ಹಿಂದಿನ ಮಹಡಿಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಾಳೆ. ಸಂಜೆ ಐದಾದರೆ ಅವೇ ಕಂಪ್ಯೂಟರುಗಳಲ್ಲಿ ಆಟ. ಬಂದೂಕು ಹಿಡಿದು ಕತ್ತಲೆ ಓಣಿಗಳಲ್ಲಿ ಒಬ್ಬರನ್ನೊಬ್ಬರು ಹುಡುಕಿ ಹೊಡೆಯುವ ಆಟ. ದೊಡ್ಡ ದೊಡ್ಡ ಕಾಲೇಜು ಗಂಡುಗಳು ಇವಳ ಕೈಲಿ ಸೋತು ಜೋಲು ಮುಖ ಹಾಕಿಕೊಂಡು ಮೆಟ್ಟಿಲಿಳಿಯುವುದನ್ನು ನಾನೇ ನೋಡಿದ್ದೇನೆ. ಜೂನ್ 20ಕ್ಕೆ ತೇನಿಯ ಒಂದು ಸೆಂಟರಿನವರ ಜೊತೆ ಪಂದ್ಯವಂತೆ. ಆ ಕಡೆ ನಾಲ್ಕು ಜನ, ಈ ಕಡೆ ನಾಲ್ಕು ಜನ. ಈ ಕಡೆಗೆ ಇವಳೇ ನಾಯಕಿ.

ಕೆಳಗಿನ ಟೈಲರು ಗುಂಡಿನ ಸದ್ದಿಗೆ ಅಳತೆ ತಪ್ಪುತ್ತದೆ ಅಂತ ಜಗಳಕ್ಕೆ ಬಂದನಂತೆ. ಅದಕ್ಕೆ ಹೆಡ್‌ಫೋನ್ ಬೇಕು. ನಡುವೆ ಪ್ಲೈವುಡ್ ಗೋಡೆ ಇರುವುದರಿಂದ ಆಡುವವರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಅದಕ್ಕೆ ಮೈಕ್ ಬೇಕು. ಮೈಕ್ ಇದ್ದಮೇಲೆ ಆಂಪ್ಲಿಫೈಯರ್ ಬೇಕು. ಇಷ್ಟಕ್ಕೆ ನನ್ನನ್ನು ಕೇಳಬೇಕೇ ಅಂದೆ. ಬಾಯಲ್ಲಿ ಹಾಗಂದರೂ ಕೇಳಿದ್ದಕ್ಕೆ ಬಲು ಖುಷಿಯಾಯಿತು. ನಾನು, ರಾಮರ್ ಸೌಂಡ್ ಸರ್ವೀಸಿನವನು, ಕಂಬಂನಲ್ಲಿ ಹಾಡು ಹಾಕಿದರೆ ಗೂಡಲೂರಿನವರು ಕುಣಿಯುತ್ತಾರೆ. ನಾಲ್ಕು ಜೊತೆ ಕಿವಿ ಯಾವ ಲೆಕ್ಕ ಅಂದೆ.

ಅವಳು ನಕ್ಕಳು. “ನಿಂಗೆ ಗುಡುಗು ತಾನ್ ಗೊತ್ತು ಮಾಮ. ನಂಗೆ ಬೇಕಾದ್ದು ಹೆಜ್ಜೆ ಸದ್ದು. ಅವ್ನು ಎಡಗಡೆಯಿಂದ ಬರ್ತಾನಾ ಬಲಗಡೆಯಿಂದ ಬರ್ತಾನಾ, ಅದು ತೆಳೀಬೇಕು.”

ಆಟದಲ್ಲಿ ಗೆಲ್ಲುವುದು ಕಣ್ಣಿನಿಂದಲ್ಲ, ಕಿವಿಯಿಂದ ಅನ್ನುತ್ತಾಳೆ. ಇರಬಹುದು.

ಏಪ್ರಿಲ್ 29, ಗುರುವಾರ

ದಿಂಡಿಗಲ್‌ಗೆ ಹೋಗಿ ಬಂದೆವು. ನಾನು, ತಿಲಗಾ, ಅವಳ ತಮ್ಮ ಮಾದವನ್. ಅಲ್ಲಿ ಮೂಕಯ್ಯನ ಅಂಗಡಿ. ಇಪ್ಪತ್ತು ವರ್ಷದಿಂದ ನನಗೆ ಹಾರ್ನ್ ಕೊಡುವವನು, ನಮ್ಮ ಜನವೇ. ಬಸ್ಸಿನಲ್ಲಿ ನಿಲಕ್ಕೋಟ್ಟೈ ದಾಟುವ ತನಕ ಮಲ್ಲಿಗೆ ಬುಟ್ಟಿಗಳ ನಡುವೆ ಕಾಲು ಮಡಿಸಿ ಕೂತು ಸಾಕಾಯಿತು.

ಅಂಗಡಿಯಲ್ಲಿ ಮೂರು ಜನಕ್ಕೆ ಮೂರು ಬುದ್ಧಿ. ತಿಲಗಾಗೆ ಹಗುರವಾದ, ತೆಳ್ಳನೆಯ ಸ್ಪಂಜಿನ ಹೆಡ್‌ಫೋನ್ ಬೇಕು, ಹೊರಗಿನಿಂದ ಯಾರಾದರೂ ಕರೆದರೆ ಕೇಳಬೇಕು ಅಂತ. ನಾನು ಒಂದು ಜೊತೆ ದಪ್ಪನೆಯದು ತೆಗೆದೆ, ಲೋಹದ ಪಟ್ಟಿ, ಕೈಲಿ ಹಿಡಿದರೆ ತೂಕ ಗೊತ್ತಾಗುವಂಥದ್ದು. ಅವಳು ಹಾಕಿ ನೋಡಿ, ಇದನ್ನು ಹಾಕಿಕೊಂಡರೆ ಆಟ ಮುಗಿಯುವಷ್ಟರಲ್ಲಿ ಕತ್ತು ಮುರಿಯುತ್ತದೆ ಅಂದಳು. ಮಾದವನ್ ಮೂಲೆಯ ಪೆಟ್ಟಿಗೆಯಿಂದ ಇನ್ನೊಂದು ಬಗೆ ಹುಡುಕಿ ತಂದ. ಬಟ್ಟಲಿನ ಹಾಗೆ ಕಿವಿಯನ್ನು ಪೂರ್ತಿ ಮುಚ್ಚುವ ಮೆತ್ತೆ, ತೂಕ ಇಲ್ಲ, ಕಂಪನಿ ಹೆಸರೂ ಇಲ್ಲ. ತಿಲಗಾ ಕಣ್ಣು ಮುಚ್ಚಿಕೊಂಡು ಅಂಗಡಿಯ ಟೇಪ್ ರೆಕಾರ್ಡರಿಗೆ ಸಿಕ್ಕಿಸಿ ಕೇಳಿದಳು. ಇದೇ ಅಂದಳು. ಎಲ್ಲಿ ತಬಲ, ಎಲ್ಲಿ ಪಿಟೀಲು, ಬೆರಳಿಟ್ಟು ತೋರಿಸಬಹುದು ಅಂದಳು. ಹೆಸರಿಲ್ಲದ ಮಾಲು ಅಂತ ನಾನು ಗೊಣಗಿದೆ. ಮಾದವನ್ ಕಿವಿಯವರೆಗೆ ನಕ್ಕ. ಹತ್ತೊಂಬತ್ತು ವರ್ಷದ ಹುಡುಗ, ಮಾಮನ ಎದುರು ಗೆದ್ದದ್ದು ಇದೇ ಮೊದಲು.

ಮೈಕ್ ಮಾತ್ರ ನಾನು ಹೇಳಿದ್ದೇ. ಹೆಡ್‌ಫೋನಿಗೇ ಕಡ್ಡಿ ಸಿಕ್ಕಿಸಿದ ಮೈಕ್ ಇತ್ತು, ಬೇಡ ಅಂದೆ. ಬಾಯಿ ಹತ್ತಿರ ಹಿಡಿದು ಮಾತಾಡುವ ಗಟ್ಟಿ ಮೈಕ್ ನಾಲ್ಕು ತೆಗೆದೆ. ಆಂಪ್ಲಿಫೈಯರ್ ಹೊಸದು ಬೇಡ, ಆಟೋದಲ್ಲಿ ಪ್ರಚಾರಕ್ಕೆ ಕಟ್ಟುವ ನನ್ನ ಸಣ್ಣದಿದೆ, ನಾಲ್ಕು ಮೈಕ್ ಸಿಕ್ಕಿಸಲು ಜಾಗವೂ ಇದೆ ಅಂದೆ. ಮೂಕಯ್ಯ ತಲೆ ಎತ್ತಿ ನೋಡಿದ.

“ರಾಮರ್, ವಾಲ್ಯೂಮ್ ಗುಂಡಿ ಕಾಲ್ ಭಾಗಕ್ಕಿಂತ ಮೇಲೆ ತಿರುಗಿಸ್ಬೇಡ. ಇಲ್ಲಿ ಕಡೇಲಿ ಇರೋದು ಹಾರ್ನ್ ಅಲ್ಲ, ಕಿವಿ.”

ನನಗೆ ಪಾಠ ಹೇಳುತ್ತಾನೆ. ಇವನು ಅಂಗಡಿಯಲ್ಲಿ ಕೂತು ಮಾರುವವನು, ನಾನು ಕಂಬ ಹತ್ತಿ ಕಟ್ಟುವವನು.

ಮೇ 12, ಬುಧವಾರ

ತಿಲಗಾಳ ಮಹಡಿಯಲ್ಲಿ ತಂತಿ ಎಳೆದು ಮುಗಿಸಿದೆ. ಆಟದ ಸದ್ದು ಕಂಪ್ಯೂಟರಿನಿಂದ ಎರಡೂ ಕಿವಿಗೆ. ಜೊತೆಯವರ ಮಾತು ಆಂಪ್ಲಿಫೈಯರಿನಿಂದ ಎಡಗಿವಿಗೆ ಮಾತ್ರ. ಎರಡೂ ಕಲಸಿಹೋಗಬಾರದು ಅಂತ ನಾನೇ ಯೋಚಿಸಿ ಮಾಡಿದ್ದು. ತಿಲಗಾ ತಂತಿ ಹಿಡಿದು ನೋಡಿ, ಮಾಮ, ನೀನು ಎಂಜಿನಿಯರ್ ಆಗಬೇಕಿತ್ತು ಅಂದಳು. ಊಟ ಎರಡು ತುತ್ತು ಹೆಚ್ಚು ಸೇರಿತು.

ಅಕ್ಕ 20ನೇ ತಾರೀಕು ನಲ್ಲ ನೇರ, ಒಳ್ಳೆ ಗಳಿಗೆ, ನೋಡಿಸಿದ್ದಾಳೆ. ಮೊದಲ ಸ್ವಿಚ್ಚು ತಾಯಿಮಾಮನೇ ಹಾಕಬೇಕು ಅಂತ ಹೇಳಿ ಕಳಿಸಿದಳು. ನಮ್ಮಲ್ಲಿ ಹುಡುಗಿಯ ಯಾವ ಒಳ್ಳೆ ಕೆಲಸಕ್ಕೂ ತಾಯಿಯ ತಮ್ಮನ ಕೈ ಮೊದಲು. ನಮ್ಮ ಮೈಕ್ ಸೆಟ್ ಕಟ್ಟುವವರಿಗೂ ಒಂದು ಪದ್ಧತಿ ಇದೆ. ಕರ್ಪೂರ ಹಚ್ಚಿ, ಗುಂಡಿಯನ್ನು ಕೊನೆಯ ತನಕ ತಿರುಗಿಸಿಟ್ಟು, ಆಮೇಲೆ ಸ್ವಿಚ್ಚು. ಹೊಸ ಸೆಟ್ಟಿನ ಮೊದಲ ಸದ್ದು ಪೂರ್ತಿ ಸದ್ದಾಗಿರಬೇಕು. ಮೆಲ್ಲಗೆ ಶುರುವಾದ ಸೆಟ್ಟು ಸಾಯುವ ತನಕ ಮೆಲ್ಲಗೇ ಇರುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಸಲವೂ ತಪ್ಪಿಸಿಲ್ಲ.

ಮೇ 21, ಶುಕ್ರವಾರ

ನಿನ್ನೆ ಬರೆಯಲಾಗಲಿಲ್ಲ.

ಹತ್ತೂವರೆಗೆ ಪೂಜೆ. ಅಕ್ಕ ತಟ್ಟೆ ಹಿಡಿದಿದ್ದಳು, ಭಾವ ದುರೈ ಬಾಗಿಲಲ್ಲಿ ಬಂದವರಿಗೆ ದ್ರಾಕ್ಷಿ ಹಂಚುತ್ತಿದ್ದ. ಮಾದವನ್ ಕ್ಯಾಮರಾ ತರಲು ಕೆಳಗೆ ಹೋಗಿದ್ದ. ಒಂದು ಹೆಡ್‌ಫೋನ್ ಮಾತ್ರ ಸಿಕ್ಕಿಸಿತ್ತು, ಉಳಿದ ಮೂರು ಪೆಟ್ಟಿಗೆಯಲ್ಲೇ ಇದ್ದವು. ತಿಲಗಾ ಮೊದಲ ಕಂಪ್ಯೂಟರಿನ ಮುಂದೆ ಕೂತು ಅದನ್ನು ಹಾಕಿಕೊಂಡು ನನ್ನ ಕಡೆ ನೋಡಿ ನಕ್ಕಳು. ನಾನು ಕರ್ಪೂರಕ್ಕೆ ಕೈ ಮುಗಿದೆ. ಕೈ ತಾನಾಗಿ ಗುಂಡಿಯ ಮೇಲೆ ಹೋಯಿತು, ಕೊನೆಯ ತನಕ ತಿರುಗಿಸಿತು. ಸ್ವಿಚ್ಚು ಹಾಕಿದೆ.

ಅವಳ ಮೇಜಿನ ಮೇಲೆ ಮೈಕ್ ಇತ್ತು. ಅದರ ಸದ್ದೇ ಸುತ್ತಿ ಬಂದು ಹೆಡ್‌ಫೋನು ಕೀ ಅಂತ ಕೂಗಿತು. ಹೊರಗೆ ನಿಂತವರಿಗೇ ಕೇಳಿಸಿತು ಅಂದರೆ ಒಳಗೆ ಕಿವಿಗೆ ಹೇಗಿರಬೇಡ. ಎರಡೇ ಕ್ಷಣ. ಅವಳು ಹೆಡ್‌ಫೋನ್ ಕಿತ್ತೆಸೆದು ನೆಲಕ್ಕೆ ಕೂತಳು. ಅಳಲಿಲ್ಲ, ಕೂಗಲಿಲ್ಲ, ಎಡಗಿವಿ ಮುಚ್ಚಿಕೊಂಡು ಬಾಯಿ ತೆರೆದೇ ಕೂತಿದ್ದಳು.

ಎಲ್ಲರೂ ಅವಳ ಕಡೆ ಓಡಿದರು. ನಾನು ಓಡಲಿಲ್ಲ. ನಾನು ಗುಂಡಿಯನ್ನು ಹಿಂದಕ್ಕೆ, ಕಾಲು ಭಾಗಕ್ಕೆ ತಿರುಗಿಸಿಟ್ಟೆ. ಆಮೇಲೆ ಹೋದೆ. ಇದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಹೆಡ್‌ಫೋನಿನ ಎಡ ಬಟ್ಟಲಿನಿಂದ ಸುಟ್ಟ ವಾಸನೆ ಬರುತ್ತಿತ್ತು. ದುರೈ ಅದನ್ನು ಎತ್ತಿ ಮೂಸಿ, ಹೆಸರಿಲ್ಲದ ದರಿದ್ರ ಮಾಲು, ಇದನ್ನು ಯಾರು ಆರಿಸಿದ್ದು ಅಂತ ಕೇಳಿದ. ಮೆಟ್ಟಿಲು ಹತ್ತಿ ಬಂದ ಮಾದವನ್ ಕ್ಯಾಮರಾ ಕೈಲಿ ಹಿಡಿದು ನಾನು ಅಂದ. ನಾನು ಏನೂ ಅನ್ನಲಿಲ್ಲ.

ಮೇ 23, ಭಾನುವಾರ

ಎಡಗಿವಿಯಲ್ಲಿ ಒಂದೇ ಸಮ ಜೀರುಂಡೆ ಕೂಗುತ್ತದೆಯಂತೆ. ಎರಡು ದಿನದಲ್ಲಿ ಸರಿಹೋಗುತ್ತದೆ. ನನಗೂ ಎಷ್ಟು ಸಲ ಆಗಿದೆ, ಹಾರ್ನಿನ ಕೆಳಗೆ ನಿಂತು ನಿಂತು. ಸರಿಹೋಗದೆ ಏನು.

ಮೇ 25, ಮಂಗಳವಾರ

ಸರಿಹೋಗಿಲ್ಲ. ಕಂಬಂ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ನಾನೂ ಹೋದೆ. ಏನಾಯಿತು ಅಂತ ಅವರು ಕೇಳಿದರು. ಹೆಡ್‌ಫೋನ್ ಕೆಟ್ಟದ್ದು, ಒಳಗೆ ಕರೆಂಟ್ ಸೋರಿ ಕಿವಿಗೆ ಹೊಡೆಯಿತು ಅಂತ ದುರೈ ಹೇಳಿದ. ಡಾಕ್ಟರು ದೀಪ ಹಿಡಿದು ನೋಡಿದರು, ಸುಟ್ಟ ಗುರುತಿಲ್ಲ ಅಂದರು, ಕಿವಿಗೆ ಹಾಕುವ ಹನಿ ಬರೆದುಕೊಟ್ಟರು. ಅವರು ನನ್ನ ಕಡೆ ತಿರುಗಿ ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ.

ಹನಿ ಹಾಕಿದರೆ ಕಿವಿಗೆ ಕೆಟ್ಟದ್ದೇನೂ ಆಗುವುದಿಲ್ಲವಲ್ಲ.

ಮೇ 27, ಗುರುವಾರ

ಮಾದವನ್ ಉಳಿದ ಮೂರು ಹೆಡ್‌ಫೋನನ್ನು ತೋಟದ ಬಂಡೆಯ ಮೇಲಿಟ್ಟು ಜಜ್ಜಿ ಹಾಕಿದನಂತೆ. ಅಕ್ಕ ಫೋನಿನಲ್ಲಿ ಹೇಳಿದಳು. ಚಿನ್ನಮ್ಮಾಳ್ ಕೇಳಿ ಪಾವ ಪಾವ, ಪಾಪದ ಹುಡುಗ ಅಂದಳು.

ಬರೆಯಲು ಬೇರೇನೂ ಇಲ್ಲ.

ಮೇ 29, ಶನಿವಾರ

ಆಂಡಿಪಟ್ಟಿಯಲ್ಲಿ ಹಗಲು ಮದುವೆ. ನಾಲ್ಕು ಹಾರ್ನ್ ಕಟ್ಟಿದ್ದೆ. ಹೆಣ್ಣಿನ ಚಿಕ್ಕಪ್ಪ ಮೂರು ಸಲ ಬಂದ. ಪಂದಲಿನ ಆಚೆಗೆ ಕೇಳಿಸುತ್ತಿಲ್ಲ, ಊರಿಗೆ ನಮ್ಮ ಮನೆ ಮದುವೆ ಅಂತ ಗೊತ್ತಾಗುವುದು ಹೇಗೆ ಅಂತ ಜಗಳಕ್ಕೆ ಬಂದ. ಹಾರ್ನ್ ಹಳೆಯದು, ಒಳಗಿನ ಪರದೆ ಸವೆದಿದೆ ಅಂದೆ. ಮುಂದಿನ ಸಲ ದಿಂಡಿಗಲ್‌ಗೆ ಹೋದಾಗ ಪರದೆ ಬದಲಿಸಬೇಕು.

ಪಂದಲಿನಲ್ಲಿ ಒಂದು ಮಗು ಹಾರ್ನಿನ ಕಂಬದ ಹತ್ತಿರ ಬಂದು ಬಂದು ಆಡುತ್ತಿತ್ತು. ಅದನ್ನು ಎತ್ತಿಕೊಂಡು ಹೋಗಿ ಅಮ್ಮನ ಕೈಲಿ ಕೊಡುವುದೇ ನನ್ನ ಕೆಲಸ ಆಯಿತು. ಐದು ಸಲ ಕೊಟ್ಟೆ. ಆರನೇ ಸಲ ಅವಳಿಗೆ ರೇಗಿತು.

ಮೇ 31, ಸೋಮವಾರ

ತೇನಿಗೆ ಹೋಗಿದ್ದೆವು, ಕಿವಿ ಡಾಕ್ಟರ ಹತ್ತಿರ. ತಿಲಗಾಳನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿದರು. ಹಾಕುವಾಗ ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು, ಎರಡೂ ಕೈಯಲ್ಲಿ ಕುರ್ಚಿ ಹಿಡಿದುಕೊಂಡಳು. ನಾನು ಗಾಜಿನ ಈಚೆಯಿಂದ ನೋಡಿದೆ. ಸದ್ದು ಕೇಳಿದಾಗ ಕೈ ಎತ್ತಬೇಕು. ಬಲಗಿವಿಗೆ ಎತ್ತಿದಳು, ಎತ್ತಿದಳು. ಎಡಗಿವಿಗೆ ಬಹಳ ಹೊತ್ತು ಕೈ ಮಡಿಲಲ್ಲೇ ಇತ್ತು. ನೋಡುತ್ತಿದ್ದ ನಮಗೇ ಎತ್ತಿಬಿಡೋಣ ಅನ್ನಿಸುವಷ್ಟು ಹೊತ್ತು.

ಡಾಕ್ಟರು ಕಾಗದದ ಮೇಲಿನ ಗೆರೆ ನೋಡಿ, ಸದ್ದು ಎಷ್ಟು ಜೋರಾಗಿತ್ತು ಅಂತ ಕೇಳಿದರು. ಮಾದವನ್ ಉತ್ತರ ಕೊಟ್ಟ. ಅಂದೇ ಹೋಗಿ ನೋಡಿದ್ದನಂತೆ, ಗುಂಡಿ ಕಾಲು ಭಾಗದಲ್ಲಿತ್ತು, ಹೆಚ್ಚಿರಲಿಲ್ಲ, ಹೆಡ್‌ಫೋನೇ ಕೆಟ್ಟದ್ದು, ಆರಿಸಿದ್ದು ತಾನು ಅಂದ. ಅಷ್ಟು ಸದ್ದಿಗೆ ಹೀಗಾಗುವುದಿಲ್ಲ ಅಂದರು ಡಾಕ್ಟರು. ಹಾಗಾದರೆ ಒಳಗೆ ಬೇರೇನೋ ಕಾಯಿಲೆ ಇರಬಹುದು, ರಕ್ತ ಪರೀಕ್ಷೆ ಆಗಲಿ, ಎಕ್ಸ್‌ರೇ ಆಗಲಿ, ಆಮೇಲೆ ಔಷಧಿ ನೋಡೋಣ, ಮುಂದಿನ ಮಂಗಳವಾರ ಬನ್ನಿ ಅಂದರು.

ನಾನು ಅಲ್ಲೇ ನಿಂತಿದ್ದೆ. ಬಾಗಿಲಿಗೆ ಒರಗಿ ನಿಂತಿದ್ದೆ. ಸುಳ್ಳು ಹೇಳಿದವನು ನಾನಲ್ಲ ಅಂತ ಬಸ್ಸಿನಲ್ಲಿ ದಾರಿಯುದ್ದ ನನಗೆ ನಾನೇ ಹೇಳಿಕೊಂಡೆ. ನಿಜವೇ. ನನ್ನ ಸುಳ್ಳನ್ನು ಆ ಹುಡುಗ ಹೇಳಿದ, ಅದೂ ಸುಳ್ಳು ಅಂತ ಗೊತ್ತಿಲ್ಲದೆ.

ಜೂನ್ 2, ಬುಧವಾರ

ಹೇಳಿಬಿಟ್ಟೆ.

ಮಧ್ಯಾಹ್ನ ಕಾಮಯಗೌಂಡನ್‌ಪಟ್ಟಿಗೆ ಹೋದೆ. ತಿಲಗಾ ತೋಟದ ಶೆಡ್ಡಿನಲ್ಲಿ ಬಿದ್ದ ದ್ರಾಕ್ಷಿ ಆರಿಸುತ್ತಿದ್ದಳು. ಸೆಂಟರಿಗೆ ಹೋಗುವುದನ್ನು ಬಿಟ್ಟಿದ್ದಾಳೆ. ಪಕ್ಕದಲ್ಲಿ ಕೂತು, ಗುಂಡಿ ಪೂರ್ತಿ ತಿರುಗಿಸಿದವನು ನಾನೇ, ಮಾದವನ್ ತಪ್ಪೇನೂ ಇಲ್ಲ ಅಂತ ಹೇಳಿದೆ. ಎಲ್ಲ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಕೈ ನಿಲ್ಲಿಸಲೂ ಇಲ್ಲ. ದೊಡ್ಡ ಮನಸ್ಸಿನ ಹುಡುಗಿ. ಎದೆ ಹಗುರಾಯಿತು. ಎರಡು ವಾರದ ಮೇಲೆ ಇವತ್ತು ಬಾಯಿಗೆ ಅನ್ನದ ರುಚಿ ತಿಳಿಯಿತು.

ಜೂನ್ 3, ಗುರುವಾರ

ನಾನು ಕೂತದ್ದು ಅವಳ ಎಡಗಡೆ.

ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಶೆಡ್ಡಿನ ಬಾಗಿಲಿನಿಂದ ಹೋದರೆ ಮೊದಲು ಸಿಗುವುದು ಬಲಗಡೆ. ಅಲ್ಲಿ ಮಣೆಯೂ ಇತ್ತು. ನಾನು ಅವಳನ್ನು ಸುತ್ತಿ ಹೋಗಿ, ಬುಟ್ಟಿ ಸರಿಸಿ, ನೆಲದ ಮೇಲೆ ಎಡಗಡೆ ಕೂತೆ. ಪಿಸುಗುಟ್ಟಿದೆ. ಎದ್ದು ಬರುವಾಗ ಅವಳು ಬೆಚ್ಚಿ, ಮಾಮ, ಯಾವಾಗ ಬಂದೆ ಅಂತ ಕೇಳಿದ್ದಳು. ಅದನ್ನು ನಿನ್ನೆ ಬರೆದಿಲ್ಲ.

ಬೇಕೆಂದೇ ಕೂತೆನೇ? ಗೊತ್ತಿಲ್ಲ ಅಂತ ಬರೆಯಲು ಹೊರಟೆ. ಗೊತ್ತು.

ಜೂನ್ 5, ಶನಿವಾರ

ಕಂಬಂ ಬಸ್ ಸ್ಟ್ಯಾಂಡಿನ ಮುಂದೆ, ಹನ್ನೊಂದು ಗಂಟೆಗೆ. ತಿಲಗಾ ಸೆಂಟರಿನ ಬೀಗ ತೆಗೆದು ಏನೋ ಕಾಗದ ತರಲು ಬಂದಿದ್ದಳು. ನಾನು ಎದುರಿನ ಚಹಾ ಅಂಗಡಿಯಲ್ಲಿದ್ದೆ. ಅವಳು ರಸ್ತೆ ದಾಟಿದಳು. ಎಡಗಡೆಯಿಂದ ಮಿನಿ ಬಸ್ಸು ಹಾರ್ನ್ ಹೊಡೆಯುತ್ತಲೇ ಬಂತು. ಇಡೀ ರಸ್ತೆ ತಿರುಗಿ ನೋಡಿತು. ಅವಳೂ ನೋಡಿದಳು, ಆದರೆ ಬಲಗಡೆಗೆ. ಹಾರ್ನ್ ಬಲಗಡೆಯಿಂದ ಬರುತ್ತಿದೆ ಅಂದುಕೊಂಡು ಅದರಿಂದ ತಪ್ಪಿಸಿಕೊಳ್ಳಲು ಎಡಕ್ಕೆ, ಬಸ್ಸಿನ ಕಡೆಗೇ ಹೆಜ್ಜೆ ಇಟ್ಟಳು.

ಬಾಳೆಗೊನೆ ಹೊತ್ತಿದ್ದ ಒಬ್ಬ ಅವಳ ದಾವಣಿ ಹಿಡಿದು ಎಳೆದ. ಬಸ್ಸು ನಿಲ್ಲದೆ ಹೋಯಿತು. ನನ್ನ ಕೈಯ ಲೋಟ ಎಲ್ಲಿ ಬಿತ್ತೋ ತಿಳಿಯದು.

ನಾನು ಹತ್ತಿರ ಹೋಗುವಷ್ಟರಲ್ಲಿ ಅವಳು ಗೋಡೆ ಹಿಡಿದು ನಿಂತಿದ್ದಳು. ಎಲ್ಲಿಂದ ಬಂತು ಅಂತ ತಿಳಿಯಲೇ ಇಲ್ಲ ಮಾಮ ಅಂತ ಹೇಳಿದಳು. ಎರಡು ಸಲ ಹೇಳಿದಳು. ಕತ್ತಲೆ ಓಣಿಯಲ್ಲಿ ಹೆಜ್ಜೆ ಸದ್ದು ಕೇಳಿ ಬೆರಳಿಟ್ಟು ತೋರಿಸುತ್ತಿದ್ದ ಹುಡುಗಿ. ಆ ಬಸ್ಸಿನ ಕೆಳಗೆ ಹೋಗಿದ್ದರೆ ಕೊಂದವನು ನಾನು. ಬೇರೆ ಯಾರೂ ಅಲ್ಲ, ಕೆಟ್ಟ ಮಾಲೂ ಅಲ್ಲ.

ಜೂನ್ 6, ಭಾನುವಾರ

ಅಕ್ಕನ ಮನೆಗೆ ಹೋದೆ. ಊಟದ ಹೊತ್ತು. ದುರೈ, ಅಕ್ಕ, ತಿಲಗಾ ಎಲೆ ಮುಂದೆ ಕೂತಿದ್ದರು. ಮಾದವನ್ ಹಿತ್ತಿಲಲ್ಲಿ ಕಲ್ಲಿನ ಮೇಲೆ ಕೂತಿದ್ದ. ಹದಿನೈದು ದಿನದಿಂದ ಅವರ ಜೊತೆ ಕೂತು ಉಣ್ಣುತ್ತಿಲ್ಲವಂತೆ. ಯಾರೂ ಬೇಡ ಅಂದಿಲ್ಲ, ಯಾರೂ ಕರೆದೂ ಇಲ್ಲ.

ತಿಲಗಾಳ ಬಲಗಡೆ ಕೂತೆ. ಅಕ್ಕ ಅನ್ನ ಬಡಿಸಿದಳು. ಮುಟ್ಟಲಿಲ್ಲ. ಮಂಗಳವಾರ ಡಾಕ್ಟರ ಹತ್ತಿರ ಹೋಗುವ ಮೊದಲು ನಿನಗೊಂದು ಮಾತು ತಿಳಿಯಬೇಕು ಅಂದೆ. ಗುಂಡಿ ಪೂರ್ತಿ ತಿರುಗಿಸಿದ್ದು ನಾನು ಅಂದೆ. ಮೆಲ್ಲಗೆ ಅಂದೆ. ಆದರೆ ಅವಳಿಗೆ ಕೇಳಿಸಿತು. ಕೈಯ ತುತ್ತು ಎಲೆಗೆ ಹಾಕಿದಳು. ನನ್ನನ್ನು ನೋಡುತ್ತಲೇ ಇದ್ದಳು. ದುರೈ ಏನು ಏನು ಅಂದ. ಅವನಿಗೆ ಕೇಳಿಸಿರಲಿಲ್ಲ.

“ಜೋರಾ ಹೇಳು ಮಾಮ,” ಅಂದಳು. “ಮಾದವನ್‌ಗೂ ಕೇಳ್ಬೇಕು.”

ಎದ್ದು ನಿಂತೆ. ಹಿತ್ತಿಲ ಬಾಗಿಲಿಗೆ ಮುಖ ಮಾಡಿ ಕೂಗಿ ಹೇಳಿದೆ. ಗುಂಡಿಯನ್ನು ಕೊನೆಯ ತನಕ ತಿರುಗಿಸಿ ಸ್ವಿಚ್ಚು ಹಾಕಿದವನು ನಾನು. ಮೂಕಯ್ಯ ಬೇಡ ಅಂದಿದ್ದ, ನನಗೆ ಗೊತ್ತಿತ್ತು. ನೀವೆಲ್ಲ ಅವಳ ಕಡೆ ಓಡಿದಾಗ ನಾನು ಗುಂಡಿಯನ್ನು ಹಿಂದಕ್ಕೆ ತಿರುಗಿಸಿಟ್ಟೆ. ಮಾದವನ್ ನೋಡಿದ್ದು ಅದನ್ನೇ. ಹೆಡ್‌ಫೋನ್ ಒಳ್ಳೆಯದೇ ಇತ್ತು, ಅವನು ಆರಿಸಿದ್ದು ಸರಿಯಾಗಿಯೇ ಇತ್ತು. ಪಕ್ಕದ ಮನೆಯವರು ಹೊರಗೆ ಬಂದು ನಿಂತದ್ದು ಕಂಡಿತು. ನಿಲ್ಲಿಸಲಿಲ್ಲ.

ಮಾದವನ್ ಬಾಗಿಲಿಗೆ ಬಂದು ನಿಂತ. ನನ್ನ ಮುಖ ನೋಡಿದ, ಅಕ್ಕನ ಮುಖ ನೋಡಿದ, ಚಪ್ಪಲಿಯೂ ಇಲ್ಲದೆ ತೋಟದ ಕಡೆ ಹೊರಟುಹೋದ. ದುರೈ ಎಲೆ ಬಿಟ್ಟು ಎದ್ದು ಅವನ ಹಿಂದೆಯೇ ಹೋದ.

ಅಕ್ಕ ಬಡಿಸುವ ಸೌಟು ಕೈಲಿ ಹಿಡಿದು ನಿಂತೇ ಇದ್ದಳು.

“ಇವಳ ಕಿವಿ ಚುಚ್ಚುವಾಗ ನಿನ್ನ ಮಡಿಲಲ್ಲೇ ಕೂರ್ಸಿದ್ದೆ. ಅಳ್ತಾಳೆ ಅಂತ ನೀನೂ ಅತ್ತೆ. ಇವತ್ತು ಹದಿನೇಳು ದಿನ ರಾಮರ್. ಹದಿನೇಳು ದಿನ ನಾನೇ ನನ್ನ ಮಗನ್ನ ಹಿತ್ತಿಲಲ್ಲಿ ಕೂರ್ಸ್ದೆ.”

ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ, ಒಳಗೆ ಹೋದಳು. ಬಯ್ದಿದ್ದರೆ ನಿಂತುಕೊಳ್ಳುತ್ತಿದ್ದೆ. ತಿಲಗಾ ನನ್ನ ಎಲೆಯನ್ನೂ ಅವಳ ಎಲೆಯನ್ನೂ ಮಡಿಸಿ ಎತ್ತಿಕೊಂಡು, ಮಂಗಳವಾರ ನೀನೇ ಬಂದು ಡಾಕ್ಟರಿಗೆ ನಿನ್ನ ಬಾಯಿಂದ ಹೇಳು ಅಂದಳು. ಅಷ್ಟೇ.

ಮನೆಗೆ ಬಂದು ಚಿನ್ನಮ್ಮಾಳ್‌ಗೂ ಹೇಳಿದೆ. ಎರಡು ವಾರದಿಂದ ಗಂಟಲು ಕಟ್ಟಿದವರ ಹಾಗೆ ಯಾಕೆ ಮಾತಾಡುತ್ತಿದ್ದಿರಿ ಅಂತ ಈಗ ತಿಳಿಯಿತು ಅಂದಳು. ಹಾಗೆ ಮಾತಾಡುತ್ತಿದ್ದೆನೆಂದು ನನಗೆ ಗೊತ್ತಿರಲಿಲ್ಲ.

ಜೂನ್ 8, ಮಂಗಳವಾರ

ಡಾಕ್ಟರಿಗೆ ಹೇಳಿದೆ. ಎಷ್ಟು ವಾಟ್, ಗುಂಡಿ ಎಲ್ಲಿತ್ತು, ಮೈಕ್ ಎಷ್ಟು ದೂರದಲ್ಲಿತ್ತು, ಎಷ್ಟು ಹೊತ್ತು. ಅವರು ಎಲ್ಲ ಬರೆದುಕೊಂಡರು. ಪೆನ್ನು ಕೆಳಗಿಟ್ಟು, ಇದನ್ನು ಮೊದಲ ದಿನವೇ ಹೇಳಿದ್ದರೆ ಆ ದಿನವೇ ಮಾತ್ರೆ ಶುರು ಮಾಡುತ್ತಿದ್ದೆವು ಅಂದರು. ಮೊದಲ ವಾರ ಕೊಟ್ಟರೆ ಕೆಲವರಿಗೆ ಒಂದಷ್ಟು ಬರುತ್ತದೆ. ಈಗ ಕೊಟ್ಟು ನೋಡೋಣ, ಬರುತ್ತದೆ ಅಂತ ಹೇಳಲಾರೆ ಅಂದರು.

ಹಾಗಾದರೆ ಮೊದಲ ದಿನ ಹೇಳಿದ್ದರೆ ಸರಿಹೋಗುತ್ತಿತ್ತೇ ಅಂತ ಕೇಳಿದೆ. ಅದನ್ನೂ ಹೇಳಲಾರೆ, ಯಾರೂ ಹೇಳಲಾರರು ಅಂದರು.

ಗುಂಡಿ ತಿರುಗಿಸಿದ್ದು ಕೈ. ಬಾಯಿ ಮುಚ್ಚಿಕೊಂಡದ್ದು ನಾನು. ಒಂದಕ್ಕೆ ಪದ್ಧತಿ ಅಂತ ಹೆಸರು ಹೇಳಬಹುದು, ಇನ್ನೊಂದಕ್ಕೆ ಏನು ಹೇಳಲಿ.

ಜೂನ್ 15, ಮಂಗಳವಾರ

ಮಾತ್ರೆ ಏಳು ದಿನ ಆಯಿತು. ಜೀರುಂಡೆ ಹಾಗೇ ಇದೆ. ಕೀರಲು ಸದ್ದು ಆ ಕಿವಿಗೆ ಇಲ್ಲವೇ ಇಲ್ಲ. ದಪ್ಪ ಸದ್ದು ಕೊಂಜ, ಸ್ವಲ್ಪವೇ, ಕೇಳುತ್ತದಂತೆ, ಬಾವಿಯೊಳಗಿನಿಂದ ಯಾರೋ ಮಾತಾಡಿದ ಹಾಗೆ.

ಮಾದವನ್ ನನ್ನ ಜೊತೆ ಮಾತಾಡುವುದಿಲ್ಲ. ಮೂಕಯ್ಯನ ಅಂಗಡಿಯಿಂದ ಅದೇ ಬಗೆಯ ಹೆಡ್‌ಫೋನ್ ತಂದು ಅವರ ಜಗುಲಿಯ ಮೇಲಿಟ್ಟು ಬಂದೆ. ಮಾರನೇ ದಿನ ನನ್ನ ಬಾಗಿಲಲ್ಲಿತ್ತು.

ಜೂನ್ 21, ಸೋಮವಾರ

ನಿನ್ನೆ ಪಂದ್ಯ ನಡೆಯಿತು. ತಿಲಗಾ ಆಡಲಿಲ್ಲ. ಹೋಗಿ ಹಿಂದೆ ನಿಂತು ನೋಡಿದಳಂತೆ. ಅವಳ ಜಾಗದಲ್ಲಿ ಮಾದವನ್ ಆಡಿದ, ಸೋತರು. ಬರುವಾಗ ಬಸ್ಸಿನಲ್ಲಿ ಅಕ್ಕ ತಮ್ಮ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಎಲ್ಲಿ ತಪ್ಪಾಯಿತು ಅಂತ ವಾದ ಮಾಡುತ್ತ ಬಂದರಂತೆ. ಚಿನ್ನಮ್ಮಾಳ್ ತಂದ ಸುದ್ದಿ. ಇದನ್ನು ಕೇಳಿ ದನದ ಹಟ್ಟಿಯ ಕಡೆ ಹೋಗಿ ಒಬ್ಬನೇ ಅತ್ತೆ.

ನಾಡಿದ್ದು ಚಿನ್ನಮನೂರಿನಲ್ಲಿ ಒಂದು ಮದುವೆ ಇದೆ, ಎರಡೇ ಹಾರ್ನ್ ಸಾಕು ಅಂತ ಹೇಳಿ ಕಳಿಸಿದ್ದೇನೆ. ನಾಲ್ಕು ಯಾಕೆ, ಸುಮ್ಮನೆ ಹೊರುವ ಕೂಲಿ.

ಜೂನ್ 27, ಭಾನುವಾರ

ತಿಲಗಾ ಹೇಳಿ ಕಳಿಸಿದಳು, ಬಾ ಅಂತ. ಅಕ್ಕ ಬಾಗಿಲಲ್ಲಿ ಒಳಗೆ ಬಾ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮನೆ ಹಿಂದಿನ ಕಣದಲ್ಲಿ ತಿಲಗಾ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಡಾಕ್ಟರು ಹೇಳಿಕೊಟ್ಟಿದ್ದಾರಂತೆ. ಒಂದೇ ಕಿವಿಯಿಂದ ದಿಕ್ಕು ಹಿಡಿಯಲು ತಲೆಯನ್ನು ಅತ್ತ ಇತ್ತ ತಿರುಗಿಸಿ ಅಭ್ಯಾಸ ಮಾಡಬೇಕು. ವರ್ಷ ಹಿಡಿಯಬಹುದು, ಬಾರದೆಯೂ ಹೋಗಬಹುದು. ಅವಳು ಕಣ್ಣಿಗೆ ಟವೆಲು ಕಟ್ಟಿಕೊಳ್ಳುತ್ತಾಳೆ. ನಾನು ಸದ್ದಾಗದ ಹಾಗೆ ನಡೆದು ಎಲ್ಲಾದರೂ ನಿಂತು ಅವಳ ಹೆಸರು ಕರೆಯಬೇಕು. ಅವಳು ಬೆರಳಿಟ್ಟು ತೋರಿಸುತ್ತಾಳೆ.

ಮಾದವನ್ ಮನೆಯ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ.

ಚಪ್ಪಲಿ ಬಿಟ್ಟು ಹೋಗಿ ಹುಣಸೆ ಮರದ ಕೆಳಗೆ ನಿಂತೆ, ಅವಳ ಎಡಗಡೆ. ತಿಲಗಾ ಅಂದೆ. ಅವಳು ತಲೆ ತಿರುಗಿಸಿದಳು, ಕಾದಳು, ಇನ್ನೊಮ್ಮೆ ತಿರುಗಿಸಿದಳು, ಬೆರಳು ಚಾಚಿ ನೇರ ಎದುರಿನ ಖಾಲಿ ಕಣವನ್ನು ತೋರಿಸಿದಳು. ಮುಖದಲ್ಲಿ ಎಷ್ಟು ಆಸೆ ಇತ್ತೆಂದರೆ ನನ್ನಿಂದ ತಡೆಯಲಾಗಲಿಲ್ಲ. ಶರಿ ಅಂದೆ.

ಅವಳು ಟವೆಲು ಕಿತ್ತು ನೋಡಿದಳು. ಅವಳ ಬೆರಳು ಒಂದು ಕಡೆ ಇತ್ತು, ನಾನು ಇನ್ನೊಂದು ಕಡೆ ಇದ್ದೆ. ಮೆಟ್ಟಿಲ ಮೇಲಿನ ಮಾದವನ್ ಎದ್ದು ನಿಂತ.

“ಪಾವ ನೋಡಿ ಶರಿ ಅನ್ಬೇಡ ಮಾಮ,” ಅಂದಳು ತಿಲಗಾ. “ನೀ ಶರಿ ಅಂದ್ರೆ ನಾ ನಂಬ್ತೀನಿ. ನಂಬಿ ರೋಡಿಗೆ ಹೋಗ್ತೀನಿ.”

ಮತ್ತೆ ಟವೆಲು ಕಟ್ಟಿಕೊಂಡಳು. ಬಿಸಿಲು ಇಳಿಯುವ ತನಕ ಕರೆದೆ. ಇಪ್ಪತ್ತು ಸಲ. ಏಳು ಸರಿ, ಹದಿಮೂರು ತಪ್ಪು. ಹದಿಮೂರು ಸಲವೂ ತಪ್ಪು ಅಂತಲೇ ಹೇಳಿದೆ.